ಮಾವ ಕಟ್ಟಿಸಿದ ಪಾಯಖಾನೆ

ನಾನು ಹುಟ್ಟಿ ಬೆಳೆದದ್ದು ಕಲಬುರ್ಗಿಯ ಶಹಾಬಜಾರದಲ್ಲಿ. ಅಪ್ಪನದು ಸಣ್ಣ ಅರಿವೆ ಅಂಗಡಿ. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಎದುರಿನಿಂದ ಎತ್ತು ಬಂದರೆ ಯಾರದಾದರೂ ಮನೆಯ ಮೆಟ್ಟಿಲು ಹತ್ತಿ ನಿಂತು ಅದಕ್ಕೆ ದಾರಿ ಬಿಡಬೇಕಾಗುತ್ತಿತ್ತು. ಅಂಥ ಮನೆಯ ಹಿತ್ತಲಲ್ಲೂ ಒಂದು ಪಾಯಖಾನೆ ಇತ್ತು. ನಾನು ತೀರ ಚಿಕ್ಕವಳಿದ್ದಾಗ ಅದು ಹಳೆಯ ಥರದ್ದು. ಹಿಂದಿನ ಗಲ್ಲಿಯಿಂದ ಒಬ್ಬ ಮುದುಕಿ ಬುಟ್ಟಿ ಹಿಡಿದು ಬಂದು ಬಳಿದುಕೊಂಡು ಹೋಗುತ್ತಿದ್ದಳು. ಬುಟ್ಟಿ ಎತ್ತುವಾಗ ಆಕೆಯ ಕೈ ನಡುಗುವುದನ್ನು ಅಪ್ಪ ಒಂದು ದಿನ ನಿಂತು ನೋಡಿದರು. ಆಮೇಲೆ ಮಿಸ್ತ್ರಿಯೊಬ್ಬರನ್ನು ಕರೆಸಿ, ಆಳವಾದ ಗುಂಡಿ ತೋಡಿಸಿ, ಯಾರೂ ಕೈಯಿಂದ ಎತ್ತಬೇಕಿಲ್ಲದಂಥ ಹೊಸದನ್ನು ಕಟ್ಟಿಸಿದರು. ಮುದುಕಿಗೆ ಅಂಗಡಿ ಗುಡಿಸುವ ಕೆಲಸ ಕೊಟ್ಟರು. ಇದೆಲ್ಲ ನನಗೆ ದೊಡ್ಡ ಸಂಗತಿಯಾಗಿ ಕಂಡಿರಲಿಲ್ಲ. ಮನೆಯೆಂದ ಮೇಲೆ ಒಲೆ ಇರುವ ಹಾಗೆ ಅದೂ ಇರುತ್ತದೆ ಎಂದುಕೊಂಡಿದ್ದೆ.

ಮದುವೆಯಾಗಿ ಕಮಲಾಪುರಕ್ಕೆ ಹೋದ ಮೇಲೆ ಹಾಗಲ್ಲವೆಂದು ತಿಳಿಯಿತು.

ನಿಜಾಮರ ಕಾಲ ಅದು. ಕಮಲಾಪುರ ಹುಮನಾಬಾದಿಗೆ ಹೋಗುವ ರಸ್ತೆಯ ಪಕ್ಕದ ಊರು. ಕೆಂಪು ನೆಲ, ನಮ್ಮ ಮನೆಯವರಿಗೆ ಹೊಲವಲ್ಲದೆ ಕೆಂಪು ಬಾಳೆಯ ತೋಟವೂ ಇತ್ತು. ಮನೆ ದೊಡ್ಡದು, ದನದ ಕೊಟ್ಟಿಗೆ ಅದಕ್ಕಿಂತ ದೊಡ್ಡದು. ಮನೆಯಲ್ಲಿ ಮಾವ, ಅತ್ತೆ, ನಾನು. ನನ್ನ ಗಂಡ ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಸಂತೆಯ ದಿನ ಬಂದು ಹೋಗುತ್ತಿದ್ದರು. ಉಣ್ಣಲು ಉಡಲು ಯಾವ ಕೊರತೆಯೂ ಇರಲಿಲ್ಲ. ಆದರೆ ಇಡೀ ಊರಿನಲ್ಲಿ ಪಾಯಖಾನೆ ಎಂಬುದು ಒಂದೂ ಇರಲಿಲ್ಲ. ಗಂಡಸರು ಹಳ್ಳದ ಕಡೆ ಹೋಗುವರು. ಹೆಂಗಸರು ಬೆಳಕು ಹರಿಯುವ ಮೊದಲು, ಇಲ್ಲವೇ ಹೊತ್ತು ಮುಳುಗಿದ ಮೇಲೆ, ರಸ್ತೆ ದಾಟಿ ಬೀಳುನೆಲಕ್ಕೆ ಹೋಗಬೇಕು.

ಮೊದಲ ದಿನ ಅತ್ತೆಯ ಹಿಂದೆ ಚೆಂಬು ಹಿಡಿದು ಹೋದೆ. ಅಲ್ಲಿ ಓಣಿಯ ಹೆಂಗಸರೆಲ್ಲ ಕೂತು ಊರ ಸುದ್ದಿ ಮಾತಾಡುತ್ತಿದ್ದರು. ಅಷ್ಟರಲ್ಲಿ ಹುಮನಾಬಾದ ಕಡೆಯಿಂದ ಒಂದು ಮೋಟಾರು ಬಂತು. ಅದರ ದೀಪ ತಿರುವಿನಲ್ಲಿ ಹೊರಳಿ ನೇರ ನಮ್ಮ ಮೇಲೆ ಬಿತ್ತು. ಎಲ್ಲರೂ ಸರ್ರನೆ ಎದ್ದು ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೋಟಾರು ಹೋದ ಮೇಲೆ ಮತ್ತೆ ಕೂತರು, ಮಾತು ಬಿಟ್ಟಲ್ಲಿಂದ ಮುಂದುವರಿಯಿತು. ಅವರಿಗೆ ರೂಢಿಯಾಗಿತ್ತು. ನಾನು ಮಾತ್ರ ಮತ್ತೆ ಕೂಡಲಿಲ್ಲ. ತುಂಬಿದ ಚೆಂಬು ಹಾಗೇ ಹಿಡಿದು, ಕೊಟ್ಟಿಗೆಯಲ್ಲಿದ್ದ ಮಾವನ ಮುಂದೆಯೇ ಮನೆಗೆ ಬಂದೆ.

ಅಂದಿನಿಂದ ನಾನೇ ಒಂದು ಉಪಾಯ ಹುಡುಕಿಕೊಂಡೆ. ನೀರು ಕುಡಿಯುವುದು ಬಿಟ್ಟೆ. ಮುಂಜಾನೆ ಬಾಯಿ ಮುಕ್ಕಳಿಸಿ ಒಂದು ಗುಟುಕು, ಊಟಕ್ಕೆ ಕೂತಾಗ ಒಂದು ಗುಟುಕು. ಮಜ್ಜಿಗೆ ಬೇಡವೆನ್ನುತ್ತಿದ್ದೆ. ಸಂಜೆ ರೊಟ್ಟಿಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಕಲಬುರ್ಗಿ ಸೀಮೆಯ ಬಿಸಿಲಿನಲ್ಲಿ ಇದು ಎಷ್ಟು ದಿನ ನಡೆದೀತು? ಹೊಟ್ಟೆಯ ಕೆಳಗೆ ಕೊಳ್ಳಿ ಇಟ್ಟಂಥ ಉರಿ ಶುರುವಾಯಿತು, ಜ್ವರ ಬಂತು. ಅತ್ತೆ ದೃಷ್ಟಿ ತೆಗೆದರು, ವಿಭೂತಿ ಹಚ್ಚಿದರು. ಹಕೀಮರು ಬಂದು ನಾಡಿ ಹಿಡಿದು, ಈ ಮಗಳು ನೀರು ಕುಡಿಯುತ್ತಿಲ್ಲ ಎಂದು ಹೇಳಿ, ಬಾರ್ಲಿ ಗಂಜಿ ಕುಡಿಸಲು ತಿಳಿಸಿ ಹೋದರು. ಯಾಕೆ ಕುಡಿಯುತ್ತಿಲ್ಲವೆಂದು ಅತ್ತೆ ಕೇಳಿದಾಗ, ಊರ ನೀರು ಒಗ್ಗುತ್ತಿಲ್ಲ ಎಂದೆ.

ಮಾವನ ಎದುರು ಸೊಸೆ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಸರಿಯುತ್ತಿದ್ದೆ. ನನಗೆ ಏನಾದರೂ ಹೇಳುವುದಿದ್ದರೆ ಅವರು ದನಕ್ಕೋ ಕಂಬಕ್ಕೋ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದರು. ಎತ್ತರದ ಆಳು, ಬಿಳಿ ರುಮಾಲು, ಮಾತು ಬಹಳ ಕಡಿಮೆ. ಅವರು ನನ್ನನ್ನು ಸರಿಯಾಗಿ ನೋಡಿಯೇ ಇಲ್ಲವೆಂದು ನಾನು ತಿಳಿದಿದ್ದೆ. ಆದರೆ ಹಕೀಮರ ಮಾತು ಕೇಳಿದ ಮೇಲೆ ಅವರು ಬಾಳೆಗೊನೆ ಮಾರುವ ನೆಪ ಹೇಳಿ ಬಂಡಿ ಕಟ್ಟಿಸಿಕೊಂಡು ಕಲಬುರ್ಗಿಗೆ ಹೋದರು. ಗೊನೆಗಳನ್ನು ದಲಾಲರ ಕೈಗೆ ಒಪ್ಪಿಸಿ, ನೇರ ಶಹಾಬಜಾರದ ನಮ್ಮ ಮನೆಗೆ ಹೋದರಂತೆ.

ಅಲ್ಲಿ ನಡೆದದ್ದನ್ನು ಅವ್ವ ಸಾಯುವವರೆಗೂ ನನಗೆ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು, ಕೊನೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೀಗರು ಹೇಳದೆ ಕೇಳದೆ ಬಂದರೆಂದು ಮನೆಯಲ್ಲಿ ಗಡಿಬಿಡಿ. ಕಾಲಿಗೆ ನೀರು ಕೊಟ್ಟರು, ಕಂಬಳಿ ಹಾಸಿದರು, ಅವ್ವ ಹೋಳಿಗೆಗೆ ಬೇಳೆ ಇಟ್ಟಳು. ಮಗಳ ಬಗ್ಗೆ ಏನು ದೂರು ತಂದಿದ್ದಾರೋ ಎಂದು ಅಪ್ಪನಿಗೆ ಜೀವ ಹಾರಿಹೋಗಿತ್ತು. ಮಾವ ಕಂಬಳಿಯ ಮೇಲೆ ಕೂಡಲೇ ಇಲ್ಲ.

“ಬೀಗ್ರೆ, ಊಟ ಆಮ್ಯಾಲ ಮಾಡೋಣು,” ಎಂದರಂತೆ. “ಮೊದಲ ನಿಮ್ಮ ಪಾಯಖಾನಿ ತೋರಸ್ರಿ.”

ಅಪ್ಪ, ಪ್ರಯಾಣ ಮಾಡಿ ಬಂದವರಿಗೆ ಅವಸರವಿರಬೇಕೆಂದು ಚೆಂಬು ತುಂಬಿಸಿ ಕೊಟ್ಟರು. ಮಾವ ಚೆಂಬನ್ನು ಕೆಳಗಿಟ್ಟು, ಬಾಗಿಲು ತೆಗೆದು ಒಳಗೆ ಇಣುಕಿದರು. ಗೋಡೆ ತಟ್ಟಿ ನೋಡಿದರು. ಸುತ್ತು ಹಾಕಿ ಹಿಂದಿನ ಗುಂಡಿಯ ಮೇಲೆ ಮುಚ್ಚಿದ ಚಪ್ಪಟೆ ಪರಸಿ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದರು. ಇದನ್ನು ಯಾರು ಬಳಿಯುತ್ತಾರೆ ಎಂದು ಕೇಳಿದರು. ಯಾರೂ ಬಳಿಯಬೇಕಿಲ್ಲ, ನೀರು ಹಾಕಿದರೆ ಗುಂಡಿಗೆ ಹೋಗಿ ನೆಲ ಇಂಗಿಸಿಕೊಳ್ಳುತ್ತದೆ ಎಂದು ಅಪ್ಪ ಹೇಳಿದಾಗ ಅವರ ಮುಖ ಹಗುರಾಯಿತಂತೆ. ಇನ್ನೊಬ್ಬರ ತಲೆಯ ಮೇಲೆ ಹೊರಿಸುವುದಾದರೆ ತನಗೆ ಬೇಡ ಎಂದರಂತೆ. ಆಮೇಲೆ ಕೂತು ಹೋಳಿಗೆ ಉಂಡು, ಸಂಜೆಯೊಳಗೆ ಅಪ್ಪನ ಜೊತೆ ಮಿಸ್ತ್ರಿಯ ಮನೆಗೆ ಹೋಗಿ ಮಾತು ಮುಗಿಸಿಕೊಂಡೇ ಊರ ದಾರಿ ಹಿಡಿದರು.

ಕಮಲಾಪುರದಲ್ಲಿ ಅತ್ತೆಗೆ ಈ ಸುದ್ದಿ ತಿಳಿದದ್ದು ಮಾವ ಊಟಕ್ಕೆ ಕೂತಾಗ. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಲ್ಲಿ ಪಾಯಖಾನೆ ಕಟ್ಟಿಸುತ್ತೇನೆ ಎಂದು ಅವರು ಹೇಳಿದ್ದು ಕೇಳಿ ನನ್ನ ಕೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. ಅತ್ತೆ ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಿಟ್ಟಾದರು. ಲಿಂಗಪೂಜೆ ಆಗುವ ಮನೆ ಇದು, ಬಾವಿ ಪಕ್ಕದಲ್ಲೇ ಇದೆ, ಊರವರು ನಗುತ್ತಾರೆ, ಜಂಗಮರು ಭಿಕ್ಷೆಗೆ ಬರುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ಮಾವ ಎಲ್ಲವನ್ನೂ ಕೇಳಿಸಿಕೊಂಡರು.

“ಮನ್ಯಾಗಿನ ಹೆಣಮಕ್ಕಳು ಹೊಟ್ಟಿತುಂಬ ನೀರು ಕುಡೀಬೇಕು,” ಎಂದರು. “ಅದಕ್ಕ ಕಟ್ಟಸಾಕತ್ತೀನಿ.”

ನಾನು ಯಾರಿಗೂ ಹೇಳದ ಗುಟ್ಟನ್ನು, ನನ್ನ ಮುಖವನ್ನೇ ನೋಡದ ಮನುಷ್ಯ ಹೇಗೆ ತಿಳಿದುಕೊಂಡರು? ಆಮೇಲೆ ಅತ್ತೆ ಮಾತಾಡಿದರು. ಆಗ ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನಾನೂ ಈ ಮನಿಗಿ ಸೊಸಿಯಾಗೇ ಬಂದಿದ್ದೆ. ನನಗ ಯಾರೂ ಕಟ್ಟಸ್ಲಿಲ್ಲ.”

ಮಾವ ಕೈತೊಳೆದು ಎದ್ದ ಸಪ್ಪಳವಾಯಿತು. ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಾಗಿಲಲ್ಲೇ ನಿಂತು, “ಆಗ ನನಗ ತಿಳೀಲಿಲ್ಲ,” ಎಂದರು. ಆಮೇಲೆ ಹೋದರು.

ಅತ್ತೆ ಅಂದು ಉಣ್ಣಲಿಲ್ಲ. ನಾನು ತಾಟು ಹಿಡಿದು ಹೋದರೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನನ್ನ ಮೇಲೆ ಮುನಿದಿದ್ದಾರೆ ಎಂದೇ ತಿಳಿದು ಹೆದರಿದೆ. ಮುಂದೆ ಬಹಳ ದಿನ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡಿದರು.

ಮಿಸ್ತ್ರಿ ಸರ್ಕಾರಿ ಬಸ್ಸಿನಲ್ಲಿ ಬಂದಿಳಿದರು. ಬಿಳಿ ಗಡ್ಡ, ಗುಂಡು ಟೊಪ್ಪಿಗೆ, ತೋಳಿನಲ್ಲಿ ಹುಲ್ಲು ಸುತ್ತಿ ಗೋಣಿಚೀಲದಲ್ಲಿ ಹೊಲಿದ ಒಂದು ಗಂಟು. ಅದು ರೈಲಿನಲ್ಲಿ ಬಂದಿದ್ದ ಚೀನಿಮಣ್ಣಿನ ಪಾತ್ರೆ. ದಾರಿಯುದ್ದಕ್ಕೂ ಅದನ್ನು ಕೂಸಿನ ಹಾಗೆ ಹಿಡಿದು ಕೂತಿದ್ದರಂತೆ. ಒಳಗೇನಿದೆ ಎಂದು ಪಕ್ಕದವರು ಕೇಳಿದರೆ, ಗೌಡರ ಮನೆಗೆ ಗಾಜಿನ ಸಾಮಾನು ಎಂದಿದ್ದರಂತೆ. ಕಲಬುರ್ಗಿಯಲ್ಲಿ ನಿಜಾಮರು ಇಳಿದುಕೊಳ್ಳುವ ಬಂಗಲೆ ಐವಾನ್-ಎ-ಶಾಹಿಯ ಖೋಲಿಗಳಿಗೆ ಇಂಥವನ್ನು ಕೂಡಿಸುವಾಗ ಅವರು ಹೈದರಾಬಾದಿನ ಉಸ್ತಾದರೊಬ್ಬರ ಕೈಕೆಳಗೆ ಕೆಲಸ ಕಲಿತಿದ್ದರು. ನಮ್ಮ ಅಪ್ಪನ ಮನೆಯದನ್ನು ಕಟ್ಟುವಾಗ ನಾನು ಅವರ ಸುತ್ತಲೇ ಓಡಾಡಿಕೊಂಡಿದ್ದ ಹುಡುಗಿ. ನನ್ನನ್ನು ಕಂಡವರೇ “ಬೇಟಿ, ಎಷ್ಟ ಬಡವಾಗೀದಿ” ಎಂದರು. ಮದುವೆಯಾದ ಮೇಲೆ ಯಾರಾದರೂ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಜಾಗ ಹುಡುಕುವುದೇ ಒಂದು ದೊಡ್ಡ ಕೆಲಸವಾಯಿತು. ಬಾವಿಯಿಂದ ದೂರ ಇರಬೇಕು, ಗಾಳಿ ಮನೆಯ ಕಡೆ ಬೀಸಬಾರದು, ಹೆಂಗಸರು ಹೋಗಿಬರುವುದು ಓಣಿಗೆ ಕಾಣಬಾರದು. ಮಿಸ್ತ್ರಿಯೂ ಮಾವನೂ ಹಿತ್ತಲಲ್ಲಿ ಮಣ್ಣು ಎಸೆದು ಗಾಳಿ ನೋಡುತ್ತ ಅಡ್ಡಾಡಿದರು. ಕೊನೆಗೆ ಕೊಟ್ಟಿಗೆಯ ಹಿಂದಿನ ಮೂಲೆ ಗೊತ್ತಾಯಿತು. ಗುಂಡಿ ತೋಡಲು ವಡ್ಡರು ಬಂದರು. ಮೇಲಿನ ಕೆಂಪು ಮಣ್ಣು ಬೆಣ್ಣೆಯ ಹಾಗೆ ಬಂತು, ಕೆಳಗೆ ಗರಸಿನಂಥ ಗಟ್ಟಿ ಮೊರಂ ಹತ್ತಿತು. ಈ ನೆಲ ನೀರನ್ನು ಚೆನ್ನಾಗಿ ಕುಡಿಯುತ್ತದೆ ಎಂದು ಮಿಸ್ತ್ರಿಗೆ ಸಂತೋಷ. ಅಂಗಳದಲ್ಲಿ ಗಾರೆಯ ಗಾಣ ಹಾಕಿದರು. ನಮ್ಮ ಎತ್ತು ಸುಣ್ಣ ಮತ್ತು ಮರಳಿನ ಸುತ್ತ ದಿನವಿಡೀ ತಿರುಗಿತು. ಶಹಾಬಾದಿನಿಂದ ಪರಸಿ ಕಲ್ಲು ಬಂಡಿಯಲ್ಲಿ ಬಂತು.

ಅತ್ತೆ ಆ ಕಡೆ ತಲೆಹಾಕಲಿಲ್ಲ. ಮಿಸ್ತ್ರಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಟ್ಟಿಗೆಯ ಕಟ್ಟೆಗೆ ಕಳಿಸುವರು. ಅವರು ತಮ್ಮದೇ ಜರ್ಮನ್ ಲೋಹದ ತಾಟಿನಲ್ಲಿ ಉಂಡು, ಬಾವಿಕಟ್ಟೆಯ ಕೆಳಗೆ ತೊಳೆದಿಟ್ಟು, ನಮಾಜು ಮುಗಿಸಿ ಮತ್ತೆ ಕರಣಿ ಹಿಡಿಯುವರು.

ಒಂದು ದಿನ ಮಧ್ಯಾಹ್ನ ನಾನು ನೀರು ಸೇದಲು ಹೋದಾಗ ವಿಚಿತ್ರ ನೋಟ ಕಂಡೆ. ಮಾವ ಬಾವಿಯ ಬಳಿ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮಿಸ್ತ್ರಿ ಜೋಳದ ದಂಟು ಹಿಡಿದು ನೆಲ ಅಳೆಯುತ್ತಿದ್ದಾರೆ. ನನ್ನನ್ನು ಕಂಡು ಮಾವ ಗಡಬಡಿಸಿ ಎದ್ದು ತೋಟದ ಕಡೆ ಹೋಗಿಬಿಟ್ಟರು. ಏನು ಚಾಚಾ ಇದು ಎಂದು ಕೇಳಿದೆ. ಮಿಸ್ತ್ರಿ ನಕ್ಕರು. ಕಾಲಿಡುವ ಕಲ್ಲುಗಳನ್ನು ಎಷ್ಟು ಅಗಲಕ್ಕೆ ಕೂಡಿಸಬೇಕೆಂದು ಅವರು ಮಾವನನ್ನು ಕೇಳಿದ್ದರಂತೆ. ಗಂಡಸರ ಅಳತೆಗೆ ಕೂಡಿಸಿದರೆ ಹೆಂಗಸರಿಗೆ ತ್ರಾಸ. ಹೆಂಗಸರನ್ನು ಕರೆದು ನಿಲ್ಲಿಸಿ ಅಳೆಯುವ ಹಾಗಿಲ್ಲ. ಮಾವ ಬಹಳ ಹೊತ್ತು ಯೋಚಿಸಿ, ನಾವು ಕೊಡ ಎಳೆಯುವಾಗ ಕಾಲು ಊರಿ ನಿಲ್ಲುವ ಹಸಿಮಣ್ಣಿಗೆ ಅವರನ್ನು ಕರೆತಂದಿದ್ದರು. ಅಲ್ಲಿ ಎರಡು ಥರದ ಹೆಜ್ಜೆಗಳಿದ್ದವು. ಸಣ್ಣವು ನನ್ನವು. ಅಗಲವಾಗಿ, ಹಿಮ್ಮಡಿಯ ಬಿರುಕು ಮಣ್ಣಿನಲ್ಲಿ ಮೂಡಿದ್ದವು ಅತ್ತೆಯವು.

“ಯಾವುದರ ಅಳತಿ ಹಿಡೀಲ್ರಿ ಅಂದೆ,” ಎಂದರು ಮಿಸ್ತ್ರಿ. “ಎರಡಕ್ಕೂ ಹೊಂದಬೇಕು, ಅದರಾಗ ಹಿರೇಕಿ ಮೊಣಕಾಲು ನೋಯ್ತಾವ, ಆಕಿದು ಮೊದಲ ನೋಡ್ರಿ ಅಂದ್ರು.”

ಈ ಮಾತನ್ನು ನಾನು ಅಂದೇ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತರು. ಆದರೆ ಮರುದಿನ ಬುತ್ತಿಯನ್ನು ತಾವೇ ಹಿಡಿದು ಹಿತ್ತಲಿಗೆ ನಡೆದರು. ಆಳೆತ್ತರ ಎದ್ದಿದ್ದ ಗೋಡೆಯನ್ನು ಸುತ್ತಿ ನೋಡಿದರು. ದೀಪ ಎಲ್ಲಿಡುತ್ತೀರಿ ಎಂದು ಮಿಸ್ತ್ರಿಯನ್ನು ಕೇಳಿದರು. ಏಳುವಾಗ ಹಿಡಿದುಕೊಳ್ಳಲು ಗೋಡೆಯಲ್ಲಿ ಏನಾದರೂ ಬೇಡವೇ ಎಂದರು. ಮಿಸ್ತ್ರಿ ತಲೆ ಕೆರೆದುಕೊಂಡು, ಸಾಹೇಬರುಗಳು ಅದನ್ನು ಕೇಳಿರಲಿಲ್ಲ ಎಂದರು. ಗೋಡೆಗೆ ದೀಪದ ಗೂಡು ಬಂತು. ಬಲಗೈಯ ಕಡೆ ದನ ಕಟ್ಟುವ ಕಬ್ಬಿಣದ ಬಳೆಯೊಂದನ್ನು ಗಾರೆಯಲ್ಲಿ ಭದ್ರವಾಗಿ ಕೂಡಿಸಿದರು.

ಕೆಲಸ ಮುಗಿಯಿತು. ಬಿಳಿಯ ಪಾತ್ರೆಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನೀರು ನಿಂತಿರುವುದರಿಂದ ನಾತ ಮೇಲೆ ಬರುವುದಿಲ್ಲವೆಂದು ಮಿಸ್ತ್ರಿ ಒಂದು ಕೊಡ ನೀರು ಸುರಿದು ತೋರಿಸಿದರು. ಮಾವ ಬಗ್ಗಿ ಮೂಸಿ ನೋಡಿ ತಲೆದೂಗಿದರು. ಮಿಸ್ತ್ರಿ ಬಾಳೆಗೊನೆ ಹೊತ್ತು ಬಸ್ಸು ಹತ್ತಿದರು.

ಮಿಸ್ತ್ರಿ ಹೋದ ಮೇಲೂ ಅದರೊಳಗೆ ಯಾರೂ ಕಾಲಿಡಲಿಲ್ಲ. ನನಗೆ ಹೇಳಲಾರದಷ್ಟು ನಾಚಿಕೆ. ಪಡಸಾಲೆಯಲ್ಲಿ ಕೂತವರಿಗೆ, ಕೊಟ್ಟಿಗೆಯ ಆಳುಗಳಿಗೆ, ಚೆಂಬು ಹಿಡಿದು ಆ ಮೂಲೆಗೆ ಹೋಗುವವಳು ಕಾಣುತ್ತಾಳೆ. ಬೀಳುನೆಲದಲ್ಲಿ ಎಲ್ಲರೊಳಗೆ ಒಬ್ಬಳಾಗಿ ಮರೆಯಾಗಬಹುದಿತ್ತು. ಇಲ್ಲಿ ಇಡೀ ಮನೆಗೆ ನನ್ನ ಹೊಟ್ಟೆಯ ಲೆಕ್ಕ ತಿಳಿಯುತ್ತದೆ. ಮಾವ ಇದನ್ನೂ ಗಮನಿಸಿರಬೇಕು. ಅಡಿಗೆಮನೆಯ ಹಿಂಬಾಗಿಲಿನಿಂದ ಆ ಮೂಲೆಯವರೆಗೆ ಜೋಳದ ದಂಟಿನ ತಟ್ಟಿ ಕಟ್ಟಿಸಿದರು. ತಟ್ಟಿಯ ಗುಂಟ ಬಾಳೆಯ ಕಂದು ನೆಟ್ಟರು. ಮುಂಜಾನೆ ಆಳುಗಳನ್ನೆಲ್ಲ ಕರೆದುಕೊಂಡು ತೋಟಕ್ಕೆ ಹೋಗಿ, ಬಿಸಿಲೇರುವವರೆಗೂ ಮನೆಯ ಕಡೆ ಬರುವುದನ್ನೇ ಬಿಟ್ಟರು.

ಹಾಗೆ ಮನೆ ಖಾಲಿಯಾಗಿದ್ದ ಒಂದು ಮುಂಜಾನೆ ಅತ್ತೆ ಬಂದು ನನ್ನ ರಟ್ಟೆ ಹಿಡಿದರು.

“ಬಾ. ನೀ ಒಳಗ ಹೋಗು, ನಾ ಹೊರಗ ನಿಲ್ತೀನಿ. ಆಮ್ಯಾಲ ನಾ ಹೋಗ್ತೀನಿ, ನೀ ನಿಲ್ಲು.”

ಹಾಗೇ ಮಾಡಿದೆವು. ನಾನು ಹೊರಗೆ ಬಂದಾಗ ಅವರು ತಟ್ಟಿಗೆ ಬೆನ್ನು ಕೊಟ್ಟು, ಯಾರಾದರೂ ಬಂದಾರೆಂದು ಕಣ್ಣಿಟ್ಟು ನಿಂತಿದ್ದರು. ಒಳಗೆ ಹೋದವರು ಬಾಗಿಲು ಹಾಕಿಕೊಂಡು ಬಳೆ ಗಟ್ಟಿಯಾಗಿದೆ ಎಂದು ಒಳಗಿನಿಂದಲೇ ಕೂಗಿ ಹೇಳಿದರು. ನನಗೆ ನಗು ಬಂತು. ಅವರೂ ಒಳಗೆ ನಕ್ಕರು.

ಅಂದಿನಿಂದ ನಾವಿಬ್ಬರೂ ಜೊತೆಗೇ ಹೋಗುತ್ತಿದ್ದೆವು, ಒಬ್ಬರು ಒಳಗೆ, ಒಬ್ಬರು ಹೊರಗೆ. ನಡುವೆ ಬಾಗಿಲು ಇದ್ದದ್ದರಿಂದಲೋ ಏನೋ, ಮುಖ ನೋಡಿ ಆಡಲಾಗದ ಮಾತುಗಳನ್ನು ಅಲ್ಲಿ ಆಡಿದೆವು. ಒಂದು ಮಳೆಯ ಮುಂಜಾನೆ ಅತ್ತೆ ಒಳಗಿನಿಂದ ಮೆಲ್ಲಗೆ ಹೇಳಿದರು: ಮೊದಲ ಸಲ ಬಸುರಾಗಿದ್ದಾಗ ಇಂಥದೇ ಮಳೆಯಲ್ಲಿ ರಸ್ತೆ ದಾಟಿ ಹೋಗಿ, ಬದುವಿನ ಮೇಲೆ ಜಾರಿ ಬಿದ್ದು, ಕೂಸು ಉಳಿಯಲಿಲ್ಲವಂತೆ. ಬಿದ್ದೆ ಎಂದು ಮನೆಯಲ್ಲಿ ಹೇಳಿದ್ದರು. ಎಲ್ಲಿ, ಯಾಕೆ ಹೋಗಿದ್ದಾಗ ಬಿದ್ದೆ ಎಂದು ಹೇಳಲು ನಾಚಿಕೆಯಾಗಿತ್ತು. ಯಾರೂ ಕೇಳಿರಲಿಲ್ಲ.

“ಅವರಿಗೂ ನಾ ಈಗೇ ಹೇಳಿದ್ದು, ಇದನ್ನ ಕಟ್ಟಿದ ಮ್ಯಾಲ,” ಎಂದರು. “ಹೇಳಿದ ದಿನ ಅವರು ತೋಟಕ್ಕ ಹೋಗ್ಲಿಲ್ಲ.”

ನಾನು ಹೊರಗಿನಿಂದ ಬಾಗಿಲ ಮೇಲೆ ಕೈಯಿಟ್ಟೆ. ಅವರು ಹೊರಗೆ ಬಂದಾಗ ಮಳೆಹನಿ ಬೀಳದಂತೆ ನನ್ನ ಸೆರಗನ್ನು ಅವರ ತಲೆಯ ಮೇಲೆ ಹಿಡಿದೆ. ಆಮೇಲೆ ನಮ್ಮ ನಡುವೆ ಅತ್ತೆ ಸೊಸೆಯ ಬಿಗುವು ಉಳಿಯಲಿಲ್ಲ. ನಾನು ಬಸುರಾದಾಗ ಆ ಸುದ್ದಿಯನ್ನು ಗಂಡನಿಗಿಂತ ಮೊದಲು ಅವರಿಗೆ ಹೇಳಿದೆ.

ಓಣಿಯ ಹೆಂಗಸರು ಮೊದಲು ನಗಲು ಬಂದರು, ಆಮೇಲೆ ನೋಡಲು ಬಂದರು. ಪಕ್ಕದ ಮನೆಯ ದಿನ ತುಂಬಿದ ಸೊಸೆಯನ್ನು ಅತ್ತೆ ತಾವೇ ಕರೆದುಕೊಂಡು ಬರುತ್ತಿದ್ದರು. ಆ ಹುಡುಗಿ ಹೆತ್ತು ಎದ್ದ ಮೇಲೆ ಆಕೆಯ ಗಂಡ ಮಾವನ ಬಳಿ ಬಂದು, ರುಮಾಲಿನ ತುದಿ ತಿರುವುತ್ತ, ಆ ಮಿಸ್ತ್ರಿ ಎಲ್ಲಿರುತ್ತಾರೆ ಎಂದು ಕೇಳಿದ. ಮಾವ ಚೀಟಿ ಬರೆಸಿ ಕಳಿಸಿದರು. ಮಿಸ್ತ್ರಿ ಮತ್ತೆ ಹುಲ್ಲು ಸುತ್ತಿದ ಗಂಟಿನೊಡನೆ ಬಸ್ಸಿನಿಂದ ಇಳಿದರು. ಆ ಸಲ ಅವರು ನಮ್ಮ ಮನೆಯ ಕಟ್ಟೆಯ ಮೇಲೇ ಇಳಿದುಕೊಂಡರು, ಅತ್ತೆ ಕೊಟ್ಟ ನಮ್ಮ ಮನೆಯ ತಾಟಿನಲ್ಲೇ ಉಂಡರು. ಒಂದಾದ ಮೇಲೊಂದು ಕೆಲಸ ಸಿಕ್ಕು, ಮರುವರ್ಷದ ಮಳೆಗಾಲದವರೆಗೂ ಊರಲ್ಲೇ ಉಳಿದರು.

ಎಲ್ಲೆಲ್ಲಿ ಗುಂಡಿ ತೋಡಿದರೋ ಅಲ್ಲೆಲ್ಲ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಹಾಜರು. ಗೂಡು ಎಷ್ಟು ಎತ್ತರ, ಬಳೆ ಯಾವ ಕೈಗೆ, ನೀರಿನ ಹರವಿ ಎಲ್ಲಿ, ಎಲ್ಲವನ್ನೂ ಅವರು ಹೇಳಬೇಕು. ಮಿಸ್ತ್ರಿ “ಹೌದ್ರಿ ಅಕ್ಕಾ” ಎಂದು ಹಾಗೇ ಮಾಡುವರು. ಓಣಿಯ ಕೊನೆಯ ಮನೆಯ ಯಜಮಾನ ಮಾತ್ರ ತನ್ನದೇ ಬುದ್ಧಿ ಓಡಿಸಿ, ಮಿಸ್ತ್ರಿ ಬೇಡವೆಂದರೂ ಕೇಳದೆ, ಬಾಗಿಲನ್ನು ರಸ್ತೆಯ ಕಡೆಗೆ ಇಡಿಸಿದ್ದ. ಗೋಡೆ ಮೇಲಕ್ಕೆದ್ದಾಗಿತ್ತು. ನಾನು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅತ್ತೆಯ ಜೊತೆ ಹೋಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ರಸ್ತೆಯನ್ನು ನೋಡಿದರು, ರಸ್ತೆಯಲ್ಲಿ ಹೋಗುತ್ತಿದ್ದ ಬಂಡಿಗಳನ್ನು ನೋಡಿದರು, ಆಮೇಲೆ ಹಿತ್ತಲ ಬಾಗಿಲಲ್ಲಿ ಸೆರಗು ಎಳೆದುಕೊಂಡು ನಿಂತಿದ್ದ ಆ ಮನೆಯ ಹೆಂಗಸರನ್ನು ನೋಡಿದರು.

“ಕೆಡವ್ರಿ,” ಎಂದರು.

ಯಜಮಾನ ಏನೋ ಹೇಳಲು ಬಾಯಿ ತೆರೆದ. ಮಿಸ್ತ್ರಿ ಅಷ್ಟರಲ್ಲಿ ಸುತ್ತಿಗೆ ಎತ್ತಿಕೊಂಡಿದ್ದರು.